ಟಾಮ್ ರಾಬಿನ್ಸನ್ ಬಗ್ಗೆಯೂ ಮಕ್ಕಳು ಮಾತಾಡಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಮೊನ್ನೆ ಒಬ್ಬರು ಬರೆದ ಪತ್ರ ಓದಿದೆ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಓದಿಸುವ ಮೇಷ್ಟ್ರುಗಳು ಕ್ಲಾಸನ್ನೇ ಕೋರ್ಟು ಮಾಡಿಬಿಡುತ್ತಾರಂತೆ. ಕಥೆ ಓದಿಸಿ, ಆಟಿಕಸ್ ಫಿಂಚ್‌ನಂಥ ಒಳ್ಳೆಯ ವಕೀಲನ ಗುಣ ಹೇಳಿಕೊಡಿ, ವರ್ಣಭೇದದ ಚರ್ಚೆ ಎಳೆಯ ಮನಸ್ಸುಗಳಿಗೆ ಬೇಡ ಅನ್ನುವುದು ಅವರ ಮಾತು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಇಂಗ್ಲಿಷ್ ಪಾಠ ಮಾಡುವುದೇ ನನ್ನ ಕೆಲಸ, ಈ ಪುಸ್ತಕವನ್ನು ವರ್ಷ ವರ್ಷವೂ ಮಕ್ಕಳ ಜೊತೆ ಕೂತು ಓದುತ್ತೇನೆ. ಚರ್ಚೆ ಜಾಸ್ತಿ ಆಯಿತು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಆಟಿಕಸ್ ಹತ್ತಿರ ಬಂದು ಚರ್ಚೆ ನಿಂತುಬಿಡುತ್ತದೆ, ಟಾಮ್ ರಾಬಿನ್ಸನ್ ವರೆಗೆ ಹೋಗುವುದೇ ಇಲ್ಲ. ನನ್ನ ದೂರು ಇರುವುದು ಅದರ ಬಗ್ಗೆ.

ಓದದೇ ಇರುವವರಿಗಾಗಿ ನಾಲ್ಕು ಮಾತಿನಲ್ಲಿ ಕಥೆ ಹೇಳುತ್ತೇನೆ. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ ಮೇಕೋಂಬ್ ಅನ್ನುವ ಕಲ್ಪಿತ ಊರು. ಕಾಲ 1930ರ ದಶಕ. ಸ್ಕೌಟ್ ಅನ್ನುವ ಪುಟ್ಟ ಹುಡುಗಿ, ಅವಳ ಅಣ್ಣ ಜೆಮ್, ಬೇಸಿಗೆಗೆ ಬಂದು ಹೋಗುವ ಗೆಳೆಯ ಡಿಲ್. ಸ್ಕೌಟ್‌ನ ಅಪ್ಪ ಆಟಿಕಸ್ ವಕೀಲ. ಟಾಮ್ ರಾಬಿನ್ಸನ್ ಅನ್ನುವ ಕಪ್ಪು ಯುವಕ ಮಯೆಲ್ಲಾ ಯೂವೆಲ್ ಅನ್ನುವ ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಆಕೆಯ ಅಪ್ಪ ಬಾಬ್ ಯೂವೆಲ್ ದೂರು ಕೊಡುತ್ತಾನೆ. ಆಟಿಕಸ್ ಟಾಮ್‌ನ ಪರ ವಾದ ಮಾಡುತ್ತಾನೆ. ಆರೋಪ ಸುಳ್ಳು ಅಂತ ಕೋರ್ಟಿನಲ್ಲಿ ಕೂತ ಎಲ್ಲರಿಗೂ ಕಾಣುತ್ತದೆ. ಆದರೂ ಜ್ಯೂರಿ, ಅಂದರೆ ತೀರ್ಪು ಹೇಳಲು ಜನರ ನಡುವಿನಿಂದ ಆರಿಸಿ ಕೂರಿಸಿದ 12 ಜನ, ಟಾಮ್ ತಪ್ಪಿತಸ್ಥ ಅನ್ನುತ್ತದೆ. ಆಮೇಲೆ ಜೈಲಿನ ಬೇಲಿ ಹತ್ತಿ ಓಡಲು ಹೋದ ಅಂತ ಕಾವಲುಗಾರರು ಅವನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಅವನ ಮೈಮೇಲೆ 17 ಗುಂಡಿನ ತೂತುಗಳಿದ್ದವು. ಪುಸ್ತಕ ಬಂದಿದ್ದು 1960ರಲ್ಲಿ, ಮರುವರ್ಷವೇ ಪುಲಿಟ್ಜರ್ ಬಹುಮಾನ ಬಂತು, 1962ರಲ್ಲಿ ಸಿನಿಮಾ ಆಯಿತು.

ಈಗ ಕ್ಲಾಸಿನಲ್ಲಿ ನಡೆಯುವುದು ನೋಡಿ. ಆಟಿಕಸ್‌ನ ಪಾತ್ರ ಚಿತ್ರಣ ಬರೆಯಿರಿ. ಆಟಿಕಸ್ ಮಕ್ಕಳಿಗೆ ಕಲಿಸಿದ ಪಾಠ ಯಾವುದು. ಆಟಿಕಸ್‌ನ ಧೈರ್ಯ ವಿವರಿಸಿ. ಗೈಡಿನಲ್ಲೂ ಅದೇ, ಪರೀಕ್ಷೆಯಲ್ಲೂ ಅದೇ. ಒಂದು ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: ಇಷ್ಟು ದೊಡ್ಡ ಪುಸ್ತಕದಲ್ಲಿ ಟಾಮ್ ಮಾತಾಡೋದು ಎಷ್ಟು ಸಲ? ಎಲ್ಲರೂ ಪುಟ ತಿರುವಿದರು. ಅವನ ದನಿ ಮೊದಲು ಕೇಳುವುದು ಜೈಲಿನ ಕಿಟಕಿಯಿಂದ, ಕತ್ತಲಲ್ಲಿ. ಅವನನ್ನು ಎಳೆದು ಕೊಲ್ಲಲು ಬಂದಿದ್ದ ಗುಂಪು ವಾಪಸು ಹೋದ ಮೇಲೆ, ಅವರೆಲ್ಲ ಹೋದರಾ ಅಂತ ಕೇಳುತ್ತಾನೆ. ಆಮೇಲೆ ಕೋರ್ಟಿನ ಕಟಕಟೆಯಲ್ಲಿ ಮಾತಾಡುತ್ತಾನೆ. 31 ಅಧ್ಯಾಯದಲ್ಲಿ ಅಷ್ಟೇ. ಯಾರ ಜೀವ ಪಣಕ್ಕಿದೆಯೋ ಅವನಿಗೇ ಪುಸ್ತಕದಲ್ಲಿ ಜಾಗ ಕಮ್ಮಿ. ಅದನ್ನು ಕಂಡುಹಿಡಿದದ್ದು ನಾನಲ್ಲ, ಆ ಹುಡುಗಿ. ಪುಸ್ತಕವನ್ನು ಬಿಡಿಸಿ ನೋಡುವ ಶಕ್ತಿ ಮಕ್ಕಳಿಗೆ ಇದೆ ಅಂತ ನಾನು ಹೇಳುವುದು ಇಂಥದ್ದನ್ನು ಕಣ್ಣಾರೆ ಕಂಡ ಮೇಲೆ.

ಆ ಕಟಕಟೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. 19ನೇ ಅಧ್ಯಾಯ. ಟಾಮ್ ಪ್ರಮಾಣ ಮಾಡಬೇಕು. ಚಿಕ್ಕಂದಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಅವನ ಎಡಗೈಯ ಮಾಂಸಖಂಡಗಳು ಕಿತ್ತುಹೋಗಿವೆ, ಆ ಕೈ ಬಲಗೈಗಿಂತ ಒಂದಡಿ ಗಿಡ್ಡ. ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಬೈಬಲ್ ಮೇಲೆ ಇಡುತ್ತಾನೆ. ಪ್ರಮಾಣಕ್ಕೆ ಬಲಗೈ ಮೇಲೆತ್ತಿದ ಕೂಡಲೇ ಎಡಗೈ ಜಾರಿ ಗುಮಾಸ್ತನ ಮೇಜಿಗೆ ಬಡಿಯುತ್ತದೆ. ಮತ್ತೆ ಎತ್ತಿ ಇಡಲು ನೋಡುತ್ತಾನೆ. ನ್ಯಾಯಾಧೀಶರೇ ಸಾಕು ಬಿಡು ಅನ್ನುತ್ತಾರೆ. ಮಯೆಲ್ಲಾಳ ಮುಖದ ಬಲಭಾಗಕ್ಕೆ ಏಟು ಬಿದ್ದಿತ್ತು, ಕುತ್ತಿಗೆಯ ಸುತ್ತ ಎರಡೂ ಕೈಯ ಬೆರಳ ಗುರುತಿತ್ತು ಅಂತ ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಆಗಲೇ ಸಾಕ್ಷಿ ಹೇಳಿ ಆಗಿದೆ. ಬಾಬ್ ಯೂವೆಲ್ ಎಡಚ ಅನ್ನುವುದನ್ನು ಆಟಿಕಸ್ ಒಂದು ಲಕೋಟೆಯ ಮೇಲೆ ಅವನ ಹೆಸರು ಬರೆಸಿ ಎಲ್ಲರ ಮುಂದೆ ತೋರಿಸಿ ಆಗಿದೆ. ಹುಡುಗಿಗೆ ಒಬ್ಬ ಡಾಕ್ಟರನ್ನೂ ಕರೆಸಿರಲಿಲ್ಲ ಅನ್ನುವುದೂ ಹೊರಗೆ ಬಂದಿದೆ. ಇಷ್ಟೆಲ್ಲ ಆದ ಮೇಲೂ 12 ಜನ ಗಂಡಸರು ಒಳಗೆ ಹೋಗಿ ಹೊರಗೆ ಬಂದು ತಪ್ಪಿತಸ್ಥ ಅನ್ನುತ್ತಾರೆ.

ಮಕ್ಕಳು ಇಲ್ಲಿಗೆ ಬಂದಾಗ ಸಿಟ್ಟಾಗುತ್ತಾರೆ. ಆಗಲಿ. ಆ ಸಿಟ್ಟಿನಲ್ಲೇ ಒಂದು ಪ್ರಶ್ನೆ ಕೇಳಬೇಕು: ಪಾಟಿ ಸವಾಲಿನಲ್ಲಿ ಟಾಮ್‌ಗೆ ಕುತ್ತು ತಂದ ಮಾತು ಯಾವುದು? ಸುಳ್ಳು ಹೇಳಿ ಅವನು ಸಿಕ್ಕಿಬೀಳಲಿಲ್ಲ. ದುಡ್ಡು ತಗೊಳ್ಳದೆ ಆ ಹುಡುಗಿಗೆ ಯಾಕೆ ಕೆಲಸ ಮಾಡಿಕೊಡುತ್ತಿದ್ದೆ ಅಂತ ಸರ್ಕಾರಿ ವಕೀಲ ಗಿಲ್ಮರ್ ಕೆದಕುತ್ತಾನೆ. ಅವಳನ್ನು ನೋಡಿ ಪಾಪ ಅನ್ನಿಸಿತು ಅಂತ ಟಾಮ್ ನಿಜ ಹೇಳಿಬಿಡುತ್ತಾನೆ. ಕೋರ್ಟು ತಣ್ಣಗಾಗುತ್ತದೆ. ಒಬ್ಬ ಕಪ್ಪು ಮನುಷ್ಯ ಬಿಳಿಯ ಹೆಣ್ಣಿನ ಬಗ್ಗೆ ಪಾಪ ಅಂದುಕೊಳ್ಳುವುದೇ ಅಲ್ಲಿ ಅಪರಾಧ. ಆ ಹುಡುಗಿ ಊರಿನ ಕಸದ ಗುಂಡಿ ಪಕ್ಕ ಬದುಕುವವಳು, ತಮ್ಮ ತಂಗಿಯರಿಗೆ ಐಸ್‌ಕ್ರೀಂ ಕೊಡಿಸಲು ಒಂದು ವರ್ಷ ಚಿಲ್ಲರೆ ಕೂಡಿಹಾಕಿದವಳು, ಅಪ್ಪನಿಂದ ಏಟು ತಿನ್ನುವವಳು. ಆದರೂ ಟಾಮ್ ಅವಳಿಗೆ ಮರುಗುವ ಹಾಗಿಲ್ಲ. ಮರುಗುವವರು ಮೇಲೆ, ಮರುಕಕ್ಕೆ ಕೈ ಚಾಚುವವರು ಕೆಳಗೆ, ಆ ಲೆಕ್ಕ ಅದಲು ಬದಲಾಗಬಾರದು ಅಂತ ಊರು ತೀರ್ಮಾನ ಮಾಡಿಯಾಗಿತ್ತು. ಈ ಒಂದು ಮಾತಿನ ಮೇಲೆ ನನ್ನ ವಿದ್ಯಾರ್ಥಿಗಳು ಇಡೀ ಪೀರಿಯಡ್ ಮಾತಾಡಿದ್ದಾರೆ. ಮಯೆಲ್ಲಾ ಕೂಡ ನೊಂದವಳೇ ಅಲ್ವಾ ಅಂತ ಒಬ್ಬ ಕೇಳಿದ. ನೊಂದವಳು ಹೌದು, ಆದರೆ ಅವಳ ಒಂದು ಮಾತಿಗೆ ಇನ್ನೊಬ್ಬನ ಪ್ರಾಣ ತೆಗೆಯುವ ಶಕ್ತಿ ಇತ್ತು, ಅದನ್ನು ಅವಳಿಗೆ ಕೊಟ್ಟಿದ್ದು ಯಾರು ಅಂತ ಇನ್ನೊಬ್ಬಳು ಕೇಳಿದಳು. ಅಲಬಾಮಾದಲ್ಲಿ ಆಗ ಅತ್ಯಾಚಾರಕ್ಕೆ ಮರಣದಂಡನೆ ಇತ್ತು. ಇದಕ್ಕಿಂತ ಒಳ್ಳೆಯ ಸಾಹಿತ್ಯ ಪಾಠ ಇನ್ನೇನು ಬೇಕು ಹೇಳಿ.

ಎಳೆಯ ಮನಸ್ಸು ಅನ್ನುವ ಮಾತಿಗೆ ಬರುತ್ತೇನೆ. ಆ ಗಿಲ್ಮರ್ ಟಾಮ್‌ನನ್ನು ಮಾತಾಡಿಸುವ ರೀತಿ ನೋಡಲಾರದೆ ಡಿಲ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ಸ್ಕೌಟ್ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡುತ್ತಾ ಏನನ್ನುತ್ತಾಳೆ ಗೊತ್ತಾ? ಎಷ್ಟಾದರೂ ಅವನು ಕಪ್ಪು ಮನುಷ್ಯ ತಾನೇ ಅನ್ನುತ್ತಾಳೆ. ಕಥೆ ಹೇಳುವ ಹುಡುಗಿ, ಆಟಿಕಸ್‌ನ ಮಗಳು, ನಾವೆಲ್ಲ ಮೆಚ್ಚುವ ಸ್ಕೌಟ್ ಅನ್ನುವ ಮಾತು ಅದು. ಆ ಸಾಲನ್ನು ಎಷ್ಟೋ ಕ್ಲಾಸುಗಳಲ್ಲಿ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಪುಸ್ತಕದಲ್ಲೇ ತುಂಬಾ ಮುಖ್ಯವಾದ ಸಾಲು. ಅವಳಿಗೆ ಯಾರೂ ಕೂರಿಸಿಕೊಂಡು ದ್ವೇಷ ಕಲಿಸಿಲ್ಲ. ಊರಿನ ಗಾಳಿಯಲ್ಲೇ ಇತ್ತು, ಉಸಿರಾಡಿದಳು. ಎಂಟು ವರ್ಷದ ಸ್ಕೌಟ್‌ಗೆ ಬಂದಿರುವ ಯೋಚನೆಯ ಬಗ್ಗೆ ಹದಿನೈದು ವರ್ಷದ ಮಕ್ಕಳು ಮಾತಾಡುವ ಹಾಗಿಲ್ಲ ಅಂದರೆ ಹೇಗೆ?

ಪುಸ್ತಕದ ಒಳಗೇ ಒಂದು ಕ್ಲಾಸ್‌ರೂಮ್ ಚರ್ಚೆ ಇದೆ, 26ನೇ ಅಧ್ಯಾಯದಲ್ಲಿ. ಮಕ್ಕಳು ಪತ್ರಿಕೆಯಿಂದ ಸುದ್ದಿ ಕತ್ತರಿಸಿ ತಂದು ಹೇಳಬೇಕು. ಒಬ್ಬ ಹುಡುಗ ಹಿಟ್ಲರ್ ಯಹೂದಿಗಳನ್ನು ಹಿಂಸಿಸುತ್ತಿರುವ ಸುದ್ದಿ ಹೇಳುತ್ತಾನೆ. ಮಿಸ್ ಗೇಟ್ಸ್ ಅನ್ನುವ ಟೀಚರ್ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಡೆಮಾಕ್ರಸಿ ಅಂತ ಬರೆಯುತ್ತಾರೆ. ಹಾಗಂದರೇನು ಅಂತ ಕೇಳಿದಾಗ ಸ್ಕೌಟ್ ಎದ್ದು, ಎಲ್ಲರಿಗೂ ಸಮಾನ ಹಕ್ಕು, ಯಾರಿಗೂ ವಿಶೇಷ ಸವಲತ್ತಿಲ್ಲ ಅಂತ ಹೇಳುತ್ತಾಳೆ. ನಾವು ಯಾರನ್ನೂ ಹಿಂಸಿಸುವವರಲ್ಲ ಅಂತ ಟೀಚರ್ ವಿವರಿಸುತ್ತಾರೆ. ಆ ರೂಮಿನಲ್ಲಿ ಕೂತಿರುವ ಅಷ್ಟೂ ಮಕ್ಕಳು ಬಿಳಿಯರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅಂತ 1901ರ ಅಲಬಾಮಾ ಸಂವಿಧಾನದಲ್ಲೇ ಬರೆದಿತ್ತು. ಅದೇ ಟೀಚರ್ ತೀರ್ಪಿನ ದಿನ ಕೋರ್ಟಿನ ಮೆಟ್ಟಿಲು ಇಳಿಯುತ್ತಾ, ಈ ಜನಕ್ಕೆ ಬುದ್ಧಿ ಕಲಿಸಬೇಕಾಗಿತ್ತು, ಒಳ್ಳೆಯದೇ ಆಯಿತು ಅನ್ನುವ ಅರ್ಥದಲ್ಲಿ ಆಡಿದ ಮಾತು ಸ್ಕೌಟ್ ಕಿವಿಗೆ ಬಿದ್ದಿತ್ತು. ಹಿಟ್ಲರ್‌ನನ್ನು ಅಷ್ಟು ದ್ವೇಷಿಸುವವರು ಪಕ್ಕದಲ್ಲೇ ಇರುವವರ ಬಗ್ಗೆ ಹೀಗೆ ಹೇಗೆ ಇರುತ್ತಾರೆ ಅಂತ ಆ ಮಗು ಅಣ್ಣನನ್ನು ಕೇಳುತ್ತದೆ. ಜೆಮ್ ಸಿಡಿದೇಳುತ್ತಾನೆ, ಕೋರ್ಟಿನ ಮಾತೇ ಎತ್ತಬೇಡ ಅನ್ನುತ್ತಾನೆ. ಅವನಿಗೆ ಆಗಿನ್ನೂ ಹದಿಮೂರು ತುಂಬಿರಲಿಲ್ಲ. ಮನೆಯಲ್ಲೂ ಕ್ಲಾಸಿನಲ್ಲೂ ಮಾತಾಡಲು ಜಾಗವಿಲ್ಲದ ಹುಡುಗ ಅವನು. ದೂರದ ಅನ್ಯಾಯ ಮಾತ್ರ ಪಾಠ, ಹತ್ತಿರದ್ದು ಬೇಡ ಅನ್ನುವ ಕ್ಲಾಸು ಹೇಗಿರುತ್ತದೆ ಅಂತ ಲೇಖಕಿ ಇಷ್ಟು ಬಿಡಿಸಿ ತೋರಿಸಿರುವಾಗ ನಾವೂ ಅಂಥದ್ದೇ ಕ್ಲಾಸು ನಡೆಸಬೇಕಾ?

ಇನ್ನು ಜ್ಯೂರಿ ವಿಷಯ. ಇದನ್ನು ಯಾರೂ ಸರಿಯಾಗಿ ಮುಟ್ಟುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಆ 12 ಜನ ಕೆಟ್ಟವರು, ಅದಕ್ಕೇ ಹೀಗಾಯಿತು ಅಂತ ಮಕ್ಕಳು ಮೊದಲು ಹೇಳುತ್ತಾರೆ. ಸರಿ, ಅವರನ್ನು ಅಲ್ಲಿ ಕೂರಿಸಿದವರು ಯಾರು? ಅವರಲ್ಲಿ ಒಬ್ಬನೂ ಕಪ್ಪು ಮನುಷ್ಯ ಯಾಕಿಲ್ಲ? ಒಬ್ಬ ಹೆಂಗಸೂ ಯಾಕಿಲ್ಲ? ಹೆಂಗಸರ ಮಾತು ಕಾದಂಬರಿಯಲ್ಲೇ ಇದೆ, ನೆರೆಮನೆಯ ಮಿಸ್ ಮೌಡಿ ಹೆಂಗಸಾದ್ದರಿಂದ ಜ್ಯೂರಿಯಲ್ಲಿ ಕೂರುವ ಹಾಗಿಲ್ಲ ಅಂತ ಆಟಿಕಸ್ ಜೆಮ್‌ಗೆ ಹೇಳುತ್ತಾನೆ. ಅಲಬಾಮಾದಲ್ಲಿ ಆ ನಿಷೇಧವನ್ನು ಕೋರ್ಟು ತಳ್ಳಿಹಾಕಿದ್ದು 1966ರಲ್ಲಿ. ಕಪ್ಪು ಜನರ ಕಥೆ ಇನ್ನೂ ಒಳಗಿನದು. ಕಪ್ಪು ಜನ ಜ್ಯೂರಿಗೆ ಬೇಡ ಅಂತ ಅಲಬಾಮಾದ ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. 21ರಿಂದ 65 ವರ್ಷದೊಳಗಿನ ಗಂಡಸರಲ್ಲಿ ಪ್ರಾಮಾಣಿಕರು, ಬುದ್ಧಿವಂತರು, ಊರಿನಲ್ಲಿ ಒಳ್ಳೆಯ ಹೆಸರಿರುವವರು ಪಟ್ಟಿಗೆ ಸೇರಬೇಕು ಅಂತಷ್ಟೇ ಇತ್ತು. ಓದಿದರೆ ಯಾರಿಗೂ ತಪ್ಪು ಕಾಣಿಸುವುದಿಲ್ಲ. ಪಟ್ಟಿ ಮಾಡುವ ಬಿಳಿ ಕಮಿಷನರುಗಳು ಇಡೀ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅಂಥ ಒಬ್ಬ ಕಪ್ಪು ಮನುಷ್ಯನೂ ತಮಗೆ ಗೊತ್ತಿಲ್ಲ ಅನ್ನುತ್ತಿದ್ದರು. ಮುಗಿಯಿತು.

ಇದು ಕಾದಂಬರಿಯ ಕಲ್ಪನೆ ಅಲ್ಲ. 1931ರ ಮಾರ್ಚ್‌ನಲ್ಲಿ ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು ಅಂತ ಸ್ಕಾಟ್ಸ್‌ಬರೋ ಊರಿನಲ್ಲಿ ವಿಚಾರಣೆ ಮಾಡಿದರು. ಬಂಧಿಸಿ ತಿಂಗಳಾಗುವುದರೊಳಗೆ ಎಂಟು ಜನಕ್ಕೆ ಮರಣದಂಡನೆ ಆಯಿತು. ತೀರಾ ಚಿಕ್ಕವನಿಗೆ 13 ವರ್ಷ. 1933ರಲ್ಲಿ ಆ ಹೆಂಗಸರಲ್ಲಿ ಒಬ್ಬಾಕೆ ರೂಬಿ ಬೇಟ್ಸ್ ಕೋರ್ಟಿಗೆ ಬಂದು ಹಾಗೇನೂ ನಡೆದೇ ಇಲ್ಲ ಅಂತ ಹೇಳಿದರೂ ಜ್ಯೂರಿ ಮತ್ತೆ ತಪ್ಪಿತಸ್ಥ ಅಂದಿತು. ಆ ತೀರ್ಪನ್ನು ರದ್ದು ಮಾಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತುಹೋದರು. ಅಲ್ಲಿ ನ್ಯಾಯಾಧೀಶರೂ ಓಟು ಕೇಳಿ ಗೆಲ್ಲಬೇಕು. ಕೊನೆಗೆ ಕ್ಲಾರೆನ್ಸ್ ನಾರಿಸ್ ಎಂಬ ಆರೋಪಿಯ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ಜ್ಯೂರಿ ಪಟ್ಟಿಯ ಪುಸ್ತಕವನ್ನೇ ವಕೀಲರು ತಂದು ತೋರಿಸಿದರು. ಅದರಲ್ಲಿ ಕೆಲವು ಕಪ್ಪು ಜನರ ಹೆಸರನ್ನು ಆಮೇಲೆ ಯಾರೋ ತುರುಕಿದ್ದರು, ಮೊದಲಿನಿಂದಲೇ ಇದ್ದವು ಅಂತ ತೋರಿಸಲು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಪುಟ ನೋಡಿದರು. 1935ರ ಏಪ್ರಿಲ್‌ನಲ್ಲಿ ತೀರ್ಪು ನಾರಿಸ್ ಕಡೆ ಬಂತು. ಕಾದಂಬರಿಯಲ್ಲಿ ಟಾಮ್‌ನ ವಿಚಾರಣೆ ನಡೆಯುವುದೂ 1935ರ ಬೇಸಿಗೆಯಲ್ಲೇ! ಈ ವಿಷಯ ಹೇಳಿದಾಗ ಮಕ್ಕಳ ಮುಖ ನೋಡಬೇಕು. ಅನ್ಯಾಯ ಅಂದರೆ ಬೈಯುವುದು ಹೊಡೆಯುವುದು ಅಂತಷ್ಟೇ ಅಂದುಕೊಂಡಿರುತ್ತಾರೆ. ಒಬ್ಬ ಗುಮಾಸ್ತ ಒಂದು ಪುಸ್ತಕದಲ್ಲಿ ಹೆಸರು ಬರೆಯದೇ ಇರುವುದರಲ್ಲೂ ಅದು ಇರುತ್ತದೆ ಅಂತ ಆಗ ತಿಳಿಯುತ್ತದೆ.

ಇನ್ನೊಂದನ್ನೂ ಜೋಡಿಸಿ ಓದಿಸುತ್ತೇನೆ. ಮನೆಯಲ್ಲಿ ಅಡುಗೆ ಮಾಡುವ ಕ್ಯಾಲ್ಪುರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಹೆಚ್ಚಿನವರಿಗೆ ಓದಲು ಬರುವುದಿಲ್ಲ, ಒಬ್ಬ ಸಾಲು ಹೇಳಿಕೊಡುತ್ತಾನೆ, ಉಳಿದವರು ಹಾಡುತ್ತಾರೆ. ಟಾಮ್ ಜೈಲಿನಲ್ಲಿದ್ದಾನೆ ಅಂತ ಅವನ ಹೆಂಡತಿ ಹೆಲೆನ್‌ಗೆ ಯಾರೂ ಕೆಲಸ ಕೊಡುತ್ತಿಲ್ಲ. ಅವಳಿಗಾಗಿ 10 ಡಾಲರ್ ಆಗಬೇಕು. ಚಿಲ್ಲರೆ ಎಣಿಸಿದ ಪಾದ್ರಿ ಸೈಕ್ಸ್ ಸಾಲಲಿಲ್ಲ ಅಂತ ಬಾಗಿಲು ಹಾಕಿಸುತ್ತಾರೆ, ಆ ಸೆಕೆಯಲ್ಲಿ ಎಲ್ಲರೂ ಕೂತು ಒಂದೊಂದೇ ನಾಣ್ಯ ಸೇರಿಸಿ 10 ಡಾಲರ್ ಮಾಡುತ್ತಾರೆ. ಇಡೀ ಚರ್ಚಿಗೆ 10 ಡಾಲರ್ ಅಷ್ಟು ಕಷ್ಟ. ಈಗ ಅಲಬಾಮಾದ ತಲೆಗಂದಾಯ ನೋಡಿ. ಓಟು ಹಾಕಬೇಕು ಅಂದರೆ ವರ್ಷಕ್ಕೆ ಒಂದೂವರೆ ಡಾಲರ್ ಕಟ್ಟಬೇಕು, ಕಟ್ಟದಿದ್ದರೆ ಬಾಕಿ ಬೆಳೆಯುತ್ತಾ 36 ಡಾಲರ್ ವರೆಗೂ ಹೋಗುತ್ತಿತ್ತು. ಜೊತೆಗೆ ಅಕ್ಷರ ಪರೀಕ್ಷೆ. 1901ರ ಸಂವಿಧಾನ ಬರೆದವರು ಬಿಳಿಯರ ಮೇಲುಗೈ ಸ್ಥಾಪಿಸುವುದೇ ತಮ್ಮ ಉದ್ದೇಶ ಅಂತ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದರು. ಓಟಿಲ್ಲದವರು ಷೆರಿಫ್‌ನನ್ನು ಆರಿಸುವ ಹಾಗಿಲ್ಲ, ಜಡ್ಜ್‌ನನ್ನು ಆರಿಸುವ ಹಾಗಿಲ್ಲ. ಚರ್ಚಿನ ಆ ಅಧ್ಯಾಯ ಬಡವರ ಒಳ್ಳೆಯತನದ ಚಿತ್ರ ಅಂತ ಗೈಡಿನಲ್ಲಿ ಇರುತ್ತದೆ. ಇರಲಿ, ಆದರೆ ಅವರು ಯಾಕೆ ಓದಲಾರದವರು, ಯಾಕೆ ಬಡವರು, ಯಾರು ಹಾಗೆ ಇಟ್ಟರು ಅಂತ ಕೇಳದೆ ಒಳ್ಳೆಯತನ ಮಾತ್ರ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಆಟಿಕಸ್ ಬಗ್ಗೆ ನನಗೆ ಗೌರವ ಇದೆ. ಜೈಲಿನ ಬಾಗಿಲಲ್ಲಿ ಒಬ್ಬನೇ ಕುರ್ಚಿ ಹಾಕಿಕೊಂಡು ಕೂರುವ ಆ ರಾತ್ರಿಯನ್ನು ಓದುವಾಗ ಈಗಲೂ ಎದೆ ಬಿಗಿಯುತ್ತದೆ. ಆದರೆ ಗೌರವ ಇದೆ ಅಂತ ಪ್ರಶ್ನೆ ಕೇಳಬಾರದಾ? ಅವನು ತಾನಾಗಿ ಕೇಸು ಹಿಡಿಯಲಿಲ್ಲ, ಜಡ್ಜ್ ಟೇಲರ್ ವಹಿಸಿದರು. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್ ಅನ್ನು ಅವನು ಯಾವುದೋ ಹಳೇ ರಾಜಕೀಯ ಸಂಘ ಅನ್ನುವ ಹಾಗೆ ಹಗುರವಾಗಿ ತಳ್ಳಿಹಾಕುತ್ತಾನೆ. ಕಪ್ಪು ಜನ ಬಾಲ್ಕನಿಯಲ್ಲಿ ಬೇರೆ ಕೂರುವ ಊರಿನಲ್ಲಿ ಅವನು ಶಾಸಕನೂ ಆಗಿದ್ದವನು. 1992ರಲ್ಲೇ ಮನ್ರೋ ಫ್ರೀಡ್‌ಮನ್ ಅನ್ನುವ ಅಮೆರಿಕದ ಕಾನೂನು ಪ್ರಾಧ್ಯಾಪಕರು ಈ ವಾದ ಎತ್ತಿ, ವಕೀಲರಿಂದ ತುಂಬಾ ಬೈಗುಳ ತಿಂದರು. 2015ರಲ್ಲಿ ಹಾರ್ಪರ್ ಲೀ ಅವರ ‘ಗೋ ಸೆಟ್ ಎ ವಾಚ್‌ಮನ್’ ಬಂದಾಗ ಅದರಲ್ಲಿನ ಮುದಿ ಆಟಿಕಸ್ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದುವುದನ್ನೇ ವಿರೋಧಿಸುವವನು. ಎಷ್ಟೋ ಓದುಗರಿಗೆ ನೋವಾಯಿತು. ನಾನು ಕ್ಲಾಸಿನಲ್ಲಿ ಎರಡನ್ನೂ ಹೇಳುತ್ತೇನೆ, ಮಕ್ಕಳು ಜಗಳ ಆಡುತ್ತಾರೆ. ಆ ಕಾಲದಲ್ಲಿ ಅಷ್ಟು ಮಾಡಿದ್ದೇ ದೊಡ್ಡದು ಅಂತ ಕೆಲವರು. ಅಷ್ಟು ಮಾಡಿ ಉಳಿದದ್ದನ್ನು ಹಾಗೇ ಬಿಟ್ಟ ಅಂತ ಕೆಲವರು. ನಾನು ಎರಡನೆಯವರ ಕಡೆ ಸ್ವಲ್ಪ ಜಾಸ್ತಿ ವಾಲುತ್ತೇನೆ, ಮಕ್ಕಳಿಗೂ ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಅಭಿಪ್ರಾಯ ಬರೆದವರಿಗೆ ಮಾರ್ಕ್ಸು ಅಂತ ಆಗಬಾರದು, ಅಲ್ಲಿ ಮೇಷ್ಟ್ರು ಕೈ ಬಿಗಿ ಹಿಡಿಯಬೇಕು.

ಚರ್ಚೆ ತಲೆನೋವು, ಪುಸ್ತಕವನ್ನೇ ತೆಗೆದುಬಿಡೋಣ ಅನ್ನುವವರೂ ಇದ್ದಾರೆ. ಅದು ಹೊಸದೇನಲ್ಲ. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಈ ಪುಸ್ತಕ ಅನೈತಿಕ ಅಂತ ತೆಗೆದುಹಾಕಿತು. ಆಗ ಹಾರ್ಪರ್ ಲೀ ಅವರೇ ರಿಚ್ಮಂಡಿನ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು ಖಾರವಾಗಿ ಉತ್ತರ ಕೊಟ್ಟರು. 2017ರಲ್ಲಿ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಓದುವವರಿಗೆ ಮುಜುಗರ ಆಗುತ್ತದೆ ಅಂತ ಎಂಟನೇ ಕ್ಲಾಸಿನ ಪಾಠದಿಂದ ತೆಗೆದರು. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮಕಿಲ್ಟಿಯೋದಲ್ಲಿ ಕಡ್ಡಾಯ ಓದಿನ ಪಟ್ಟಿಯಿಂದ ಕೈಬಿಟ್ಟರು, ಅಲ್ಲಿ ಕೇಳಿದವರು ಶಿಕ್ಷಕರೇ. ಕಪ್ಪು ಜನರ ನೋವನ್ನು ಬಿಳಿಯರ ಕಣ್ಣಿಂದಲೇ ಯಾಕೆ ಓದಿಸಬೇಕು ಅನ್ನುವುದು ಅವರ ಪ್ರಶ್ನೆ. ಬಿಲಾಕ್ಸಿಯ ಕಾರಣ ನನಗೆ ಒಪ್ಪಿಗೆ ಇಲ್ಲ, ಮುಜುಗರ ಆಗಲಿ ಅಂತಲೇ ಆ ಪುಸ್ತಕ ಇದೆ. ಮಕಿಲ್ಟಿಯೋದ ಪ್ರಶ್ನೆ ಮಾತ್ರ ಗಟ್ಟಿ. ಅದನ್ನು ಮಕ್ಕಳ ಮುಂದೆಯೇ ಇಡಿ, ಪಕ್ಕದಲ್ಲಿ ಕಪ್ಪು ಲೇಖಕರ ಒಂದು ಪುಸ್ತಕ ಕೊಡಿ, ಎರಡನ್ನೂ ಓದಿ ಅವರೇ ಹೇಳಲಿ. ಇನ್ನು ಕಪ್ಪು ಜನರನ್ನು ಕರೆಯಲು ಪುಸ್ತಕದ ತುಂಬಾ ಬಳಸಿರುವ ಆ ಹೀನಾಯ ಬೈಗುಳ. ನನ್ನ ಕ್ಲಾಸಿನಲ್ಲಿ ಅದನ್ನು ಗಟ್ಟಿಯಾಗಿ ಓದುವುದಿಲ್ಲ, ನಾನೂ ಓದುವುದಿಲ್ಲ, ಯಾಕೆ ಅಂತ ಮೊದಲ ದಿನವೇ ಹೇಳುತ್ತೇನೆ. ಆ ಪದ ಇಲ್ಲದೆಯೂ ಚರ್ಚೆ ಚೆನ್ನಾಗೇ ನಡೆಯುತ್ತದೆ.

ಹಳೇ ಕಾಲದ ಕಥೆ, ಈಗೆಲ್ಲ ಸರಿಹೋಗಿದೆ ಅನ್ನುವವರಿಗೆ ಒಂದು ಮಾತು. ಹಾರ್ಪರ್ ಲೀ ಹುಟ್ಟಿ ಬೆಳೆದ ಊರು ಅಲಬಾಮಾದ ಮನ್ರೋವಿಲ್, ಮೇಕೋಂಬ್‌ಗೆ ಮಾದರಿ ಅದೇ. ಅಲ್ಲಿನ ಹಳೇ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ, ಈ ಕಾದಂಬರಿಯ ನಾಟಕವನ್ನು ಅಲ್ಲಿ ಆಡುತ್ತಾರೆ. ಅದೇ ಮನ್ರೋವಿಲ್‌ನಲ್ಲಿ 1986ರಲ್ಲಿ ಒಬ್ಬ ಬಿಳಿ ಯುವತಿಯ ಕೊಲೆ ಆಯಿತು. ವಾಲ್ಟರ್ ಮೆಕ್‌ಮಿಲಿಯನ್ ಅನ್ನುವ ಕಪ್ಪು ಮನುಷ್ಯನನ್ನು 1987ರಲ್ಲಿ ಬಂಧಿಸಿದರು. ಕೊಲೆಯ ಹೊತ್ತಿಗೆ ಅವರು ಮನೆಯಲ್ಲಿ ಮೀನು ಕರಿಯುವ ಊಟದ ಕಾರ್ಯಕ್ರಮದಲ್ಲಿ ಇದ್ದರು, ನೋಡಿದ ಜನ ಬೇಕಾದಷ್ಟಿದ್ದರು. ವಿಚಾರಣೆಗೂ ಮೊದಲೇ ಅವರನ್ನು ಮರಣದಂಡನೆ ಕೈದಿಗಳ ಜೊತೆ ಇಟ್ಟರು. ವಿಚಾರಣೆಯನ್ನು ಕಪ್ಪು ಜನ ಕಮ್ಮಿ ಇರುವ ಬೇರೆ ಕೌಂಟಿಗೆ ಸಾಗಿಸಿದರು. ಜ್ಯೂರಿಯಲ್ಲಿ 11 ಬಿಳಿಯರು, ಒಬ್ಬ ಕಪ್ಪು ವ್ಯಕ್ತಿ. ಜ್ಯೂರಿ ಜೀವಾವಧಿ ಸಾಕು ಅಂದಿತು, ಜಡ್ಜ್ ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು. ವಕೀಲ ಬ್ರಯನ್ ಸ್ಟೀವನ್‌ಸನ್ ಹೋರಾಡಿ, ಸಾಕ್ಷಿಗಳು ಸುಳ್ಳು ಅಂತ ಬಯಲಾಗಿ, 1993ರಲ್ಲಿ ಮೆಕ್‌ಮಿಲಿಯನ್ ಹೊರಗೆ ಬಂದರು. ಅದೇ ಊರು. ಟಾಮ್‌ಗೋಸ್ಕರ ಕಣ್ಣೀರು ಹಾಕುವ ಊರೇ. ಮಕ್ಕಳಿಗೆ ಇದನ್ನು ಹೇಳಿದ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ, ಪ್ರಶ್ನೆ ಮೇಲೆ ಪ್ರಶ್ನೆ.

ಸಂಪಾದಕರೇ, ಕಾದಂಬರಿಯಲ್ಲಿ ನಿಮ್ಮ ಕಸುಬಿನವನೂ ಒಬ್ಬನಿದ್ದಾನೆ, ಮೇಕೋಂಬ್ ಟ್ರಿಬ್ಯೂನ್ ಪತ್ರಿಕೆಯ ಅಂಡರ್‌ವುಡ್. ಕಪ್ಪು ಜನರನ್ನು ಕಂಡರೆ ಆಗದ ಮನುಷ್ಯ. ಆದರೂ ಟಾಮ್ ಸತ್ತಾಗ ಜಾಹೀರಾತು ಹೋದರೆ ಹೋಗಲಿ ಅಂತ ಸಂಪಾದಕೀಯ ಬರೆಯುತ್ತಾನೆ, ಹಾಡುವ ಹಕ್ಕಿಗಳನ್ನು ಸುಮ್ನೆ ಕೊಂದ ಹಾಗೆ ಇದು ಅಂತ. ಅದರ ಬಗ್ಗೆ ಎಲ್ಲ ಗೈಡಿನಲ್ಲೂ ಟಿಪ್ಪಣಿ ಇದೆ. ಆದರೆ ಅದೇ ಪತ್ರಿಕೆಯಲ್ಲಿ ಕಪ್ಪು ಜನರ ಸುದ್ದಿಗೆ ಅಂತ ಬೇರೆ ಅಂಕಣ ಇತ್ತು, ಟಾಮ್‌ನ ಸಾವಿನ ಪುಟ್ಟ ಸುದ್ದಿ ಅಲ್ಲಿ ಬಂತು. ಆ ಸುದ್ದಿಯಲ್ಲಿ ಏನಿತ್ತು ಅಂತ ಕಾದಂಬರಿ ಹೇಳುವುದಿಲ್ಲ. ಊರು ಎರಡು ದಿನ ಮಾತಾಡಿ ಮರೆಯಿತು ಅಂತ ಇದೆ. ಈ ವರ್ಷ ನನ್ನ ಮಕ್ಕಳಿಗೆ ಆಟಿಕಸ್‌ನ ಪಾತ್ರ ಚಿತ್ರಣ ಬರೆಯಲು ಕೊಡುತ್ತಿಲ್ಲ. ಆ ಅಂಕಣದ ಸುದ್ದಿ ಬರೆಯಿರಿ ಅಂತ ಹೇಳಿದ್ದೇನೆ. ಟಾಮ್‌ಗೆ 25 ವರ್ಷ, ಹೆಂಡತಿ ಹೆಲೆನ್, ಮೂರು ಮಕ್ಕಳು, ಲಿಂಕ್ ಡೀಸ್‌ನ ಜಮೀನಿನಲ್ಲಿ ಎಂಟು ವರ್ಷದ ದುಡಿಮೆ. ಅವನು ಹೋದ ಮೇಲೆ ಹೆಲೆನ್ ಕೆಲಸಕ್ಕೆ ಹೋಗಲು ಯೂವೆಲ್ ಮನೆ ತಪ್ಪಿಸಿ ಸುತ್ತುಬಳಸಿ ನಡೆಯಬೇಕಾಗುತ್ತದೆ, ಅದೂ ಪುಸ್ತಕದಲ್ಲೇ ಇದೆ. ಇಷ್ಟನ್ನೆಲ್ಲ ಹುಡುಕಿ ಜೋಡಿಸಿ ಬರೆಯಬೇಕು. ಮೊನ್ನೆ ಪತ್ರ ಬರೆದ ಓದುಗರಿಗೂ, ಈ ಪುಸ್ತಕ ಓದಿಸುವ ಬೇರೆ ಶಿಕ್ಷಕರಿಗೂ ಇದನ್ನು ಒಮ್ಮೆ ಮಾಡಿ ನೋಡಿ ಅಂತ ಕೇಳುತ್ತೇನೆ. ಚೆನ್ನಾಗಿ ಬಂದ ಒಂದೆರಡನ್ನು ನಿಮಗೆ ಕಳಿಸುತ್ತೇವೆ, ಜಾಗ ಇದ್ದರೆ ಪ್ರಕಟಿಸಿ.

ಇಂತಿ,
ಒಬ್ಬ ಇಂಗ್ಲಿಷ್ ಶಿಕ್ಷಕ